ಜಾತ್ರೆಯ ಹೆಂಡ

ಹೆಂಡದ ಮಾತು ಬಂದೊಡನೆ ಉಪಾಧ್ಯಾಯರಾದವರು ಮುಖ ತಿರುಗಿಸಬೇಕೆಂಬುದು ನಮ್ಮಲ್ಲಿ ನಡೆದುಬಂದ ರೂಢಿ. ಮಕ್ಕಳೂ ಓದುವ ಈ ಪತ್ರಿಕೆಯಲ್ಲಿ ಅದನ್ನೇ ತಲೆಬರಹವಾಗಿ ಇಟ್ಟಿರುವುದು ಕೆಲವರಿಗೆ ಅಡ್ಡಿಯಾಗಿ ತೋರಬಹುದು. ನೀತಿಪಾಠದ ದಿನ ಕುಡಿತದ ಕೇಡುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ತರಗತಿಯಿಂದ ಗಟ್ಟಿಯಾಗಿ ಓದಿಸಿ, ಗಂಟೆ ಹೊಡೆದ ಮೇಲೆ ಮನೆಗೆ ಬಂದು, ಈಚಲು ಮರ ಕೆತ್ತಿ ಸಂಸಾರ ಸಾಕಿದವರ ಮಗಳು ಬಡಿಸಿದ ಊಟವನ್ನು ನಾನು ಮೂವತ್ತು ವರ್ಷ ಉಂಡಿದ್ದೇನೆ. ಇವೆರಡರ ನಡುವೆ ವಿರೋಧವೇನೂ ನನಗೆ ಕಂಡಿಲ್ಲ, ಈಗಲೂ ಕಾಣುವುದಿಲ್ಲ. ಕುಡಿತ ಬೇರೆ, ಮರ ಬೇರೆ.

ಕಳೆದ ಮಾಘದಲ್ಲಿ ನಾವಿಬ್ಬರೂ ಎರಡು ದಿನದ ಪ್ರವಾಸ ಹೊರಟೆವು. ನಾರಾಯಣಪೇಟೆಯಲ್ಲಿ ಸೀರೆ, ಮಕ್ತಲಿನಲ್ಲಿ ಹನುಮಪ್ಪನ ದರ್ಶನ, ಗದ್ವಾಲದ ಬಳಿ ಜಮ್ಮಿಚೇಡಿನಲ್ಲಿ ಜಮ್ಮುಲಮ್ಮನ ಜಾತ್ರೆ, ಹೀಗೆ ನಮ್ಮಾಕೆಯ ಯೋಜನೆ. ಜಾತ್ರೆಯೇ ಮುಖ್ಯ, ಉಳಿದೆರಡು ದಾರಿಯ ನೆಪಗಳು. ಅವಳ ತಾಯಿ ವರ್ಷಕ್ಕೊಮ್ಮೆ ನಡೆದು ಹೋಗುತ್ತಿದ್ದ ಜಾತ್ರೆ ಅದು. ಆಗ ಗದ್ವಾಲ ಅವರಿಗೆ ಪರಸ್ಥಳವಾಗಿರಲಿಲ್ಲ. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳೇ. ಅನಂತರ ಮಹಬೂಬನಗರಕ್ಕೆ ಸೇರಿದವು. 2016ರಿಂದ ಗದ್ವಾಲವೇ ಜೋಗುಳಾಂಬೆಯ ಹೆಸರು ಹೊತ್ತ ಜಿಲ್ಲೆಯಾಗಿದೆ. ನಾರಾಯಣಪೇಟೆಗೆ ಆ ಪದವಿ 2019ರಲ್ಲಿ ಬಂತು. ಭೂಪಟದ ಗೆರೆ ಸರಿದರೂ ಹರಕೆಯ ದಾರಿ ಸರಿಯಲಿಲ್ಲ.

ನಾರಾಯಣಪೇಟೆಯ ಮಾತನ್ನು ಬೇಗ ಮುಗಿಸುತ್ತೇನೆ. ಸೀರೆಯ ಅಂಗಡಿಯಲ್ಲಿ ಗಂಡಸಿಗೆ ಕೆಲಸವಿಲ್ಲ. ಚೌಕುಳಿಯ ಒಡಲು, ಗುಡಿಯ ಗೋಪುರದಂತೆ ಮೇಲೆದ್ದ ಅಂಚು, ಇವುಗಳನ್ನು ಅವಳು ಮಡಿಕೆ ಬಿಚ್ಚಿ ನೋಡುತ್ತಿದ್ದಾಗ ನಾನು ಮೂಲೆಯಲ್ಲಿ ಕುಳಿತು ಒಂದು ಪತ್ರ ಓದಿದೆ. ಅದು ಜರ್ಮನಿಯಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನದು. ಅವನೂ ಅವನ ಹೆಂಡತಿಯೂ ಎರಡು ದಿನದ ರಜೆಯಲ್ಲಿ ಮ್ಯೂನಿಕ್ ಪಟ್ಟಣದ ಬಿಯರ್ ಜಾತ್ರೆಗೆ ಹೋಗಿ ಬಂದಿದ್ದರು. ಅದನ್ನು ಕನ್ನಡದಲ್ಲಿಯೇ, ಕಾಗುಣಿತ ತಪ್ಪದೆ ವರ್ಣಿಸಿದ್ದ.

ಆ ಉತ್ಸವ ಹುಟ್ಟಿದ್ದು ಒಂದು ಮದುವೆಯಿಂದ. 1810ರ ಅಕ್ಟೋಬರ್ 12ರಂದು ಬವೇರಿಯದ ಯುವರಾಜ ಲುಡ್ವಿಗನಿಗೂ ರಾಜಕುಮಾರಿ ಟೆರೇಸಳಿಗೂ ಲಗ್ನವಾಯಿತು. ಸಂಭ್ರಮದ ಕೊನೆಗೆ ಊರ ಹೊರಗಿನ ಹುಲ್ಲುಬಯಲಲ್ಲಿ ಕುದುರೆಗಳ ಪಂದ್ಯ ಇಟ್ಟರು. ಬಯಲಿಗೆ ವಧುವಿನ ಹೆಸರು ನಿಂತಿತು. ಕುದುರೆಗಳು ಹೋಗಿ ಬಿಯರ್ ಉಳಿಯಿತು. 2023ರಲ್ಲಿ ಎಪ್ಪತ್ತು ಲಕ್ಷಕ್ಕೂ ಮಿಕ್ಕಿದ ಜನ ಬಂದಿದ್ದರಂತೆ. ನಮ್ಮ ನಾರಾಯಣಪೇಟೆ, ಗದ್ವಾಲ ಎರಡೂ ಜಿಲ್ಲೆಗಳ ಜನರನ್ನು ಐದಾರು ಸಲ ಎಣಿಸಿದಷ್ಟು! ಒಂದೊಂದು ಗಾಜಿನ ಪಾತ್ರೆ ಒಂದೊಂದು ಲೀಟರು. ಡೇರೆ ತುಂಬಿದೊಡನೆ ಬಾಗಿಲು ಹಾಕಿಬಿಡುತ್ತಾರೆ. ಹೊರಗಿದ್ದವರು ಹೊರಗೆ, ಒಳಗಿದ್ದವರು ಬೆಂಚಿನ ಮೇಲೆ ಹತ್ತಿ ಹಾಡುತ್ತಾರೆ. ನೂಕಾಟದಲ್ಲಿ ಹೆಂಡತಿ ಕಣ್ಮರೆಯಾಗಿ ಒಂದು ಗಂಟೆ ಹುಡುಕಿದೆನೆಂದು ಶಿಷ್ಯ ಬರೆದಿದ್ದ. ಇದನ್ನು ಓದಿ ಹೇಳಿದಾಗ ನಮ್ಮಾಕೆ ಸೀರೆಯಿಂದ ಕಣ್ಣೆತ್ತದೆ, "ಜಮ್ಮುಲಮ್ಮನ ಜಾತ್ರಿನೂ ಹಂಗ ಇರ್ತದ್ರಿ, ಕೈ ಬಿಡಬ್ಯಾಡ್ರಿ ಮತ್ತ" ಎಂದಳು.

ಮಕ್ತಲಿನ ಆಂಜನೇಯನನ್ನು ಪಡಮಟಿ ಆಂಜನೇಯನೆಂದು ಕರೆಯುತ್ತಾರೆ. ಪಡಮಟಿ ಎಂದರೆ ತೆಲುಗಿನಲ್ಲಿ ಪಡುವಣ. ಕೈ ಮುಗಿದು, ನೆಂಟರ ಮನೆಯಲ್ಲಿ ರಾತ್ರಿ ಕಳೆದು, ಬೆಳಗಿನ ಬಸ್ಸಿನಲ್ಲಿ ಜೂರಾಲದ ಅಣೆಕಟ್ಟನ್ನು ದಾಟಿ ಗದ್ವಾಲ ಸೇರಿದೆವು. ವಿದ್ವದ್ಗದ್ವಾಲವೆಂದು ಪಂಡಿತರು ಕರೆಯುತ್ತಿದ್ದ ಊರು. ಸಂಸ್ಥಾನದ ಕೋಟೆಯೊಳಗೆ ಈಗ ಕಾಲೇಜು ನಡೆಯುತ್ತದೆ. ಕೋಟೆಗೆ ಇದಕ್ಕಿಂತ ಒಳ್ಳೆಯ ಮುಪ್ಪು ಬೇಕೆ?

ದಾರಿಯುದ್ದಕ್ಕೂ ನಮ್ಮಾಕೆ ಕಿಟಕಿಯಿಂದ ಈಚಲು ಮರಗಳನ್ನು ಎಣಿಸುತ್ತ ಬಂದಳು. ಈಚಲಿಗೆ ತಲೆಯ ಕೆಳಗೆ ಒಡಲನ್ನೇ ಕೆತ್ತಿ ರಸ ಇಳಿಸುತ್ತಾರೆ. ತಾಳೆಗಾದರೆ ಹೂಗೊನೆಯನ್ನು ಕೊಯ್ದು ಗಡಿಗೆ ಕಟ್ಟುತ್ತಾರೆ. ಈಚಲಿನ ಗಾಯ ಮಾಗಿ ಹಳ್ಳವಾಗುತ್ತದೆ. ಮುಂದಿನ ಸಲ ಎದುರು ಬದಿಗೆ ಕೆತ್ತುವುದರಿಂದ ಮರ ಬೆಳೆದಂತೆಲ್ಲ ಆಚೆ ಈಚೆ ಮೆಟ್ಟಿಲು ಮೂಡುತ್ತ ಹೋಗುತ್ತದೆ. ಆ ಮೆಟ್ಟಿಲು ಎಣಿಸಿ ಮರ ಎಷ್ಟು ಸಲ ಹಾಲು ಕೊಟ್ಟಿತೆಂದು ಅವಳು ಹೇಳಬಲ್ಲಳು. ಗಡಿಗೆ ಕಟ್ಟಿದ್ದ ಮರಗಳು ಅಂದು ದಾರಿಯಲ್ಲಿ ಕಂಡದ್ದು ಹನ್ನೊಂದು.

ಜಮ್ಮಿಚೇಡು ಗದ್ವಾಲಕ್ಕೆ ಹತ್ತಿರ. ಮಾಘದ ಹುಣ್ಣಿಮೆಗೆ ಹತ್ತುವ ಜಾತ್ರೆಗೆ ಮಂಗಳವಾರ ಜನ ಹೆಚ್ಚು. ನಾವು ಹೋದದ್ದು ಮಂಗಳವಾರವೇ. ಕೆರೆಯ ದಂಡೆಯ ಮೇಲೆ ಟ್ರ್ಯಾಕ್ಟರುಗಳು, ಮೂರು ಕಲ್ಲಿನ ಒಲೆಗಳು, ಹೊಗೆ, ಹಲಗೆಯ ಬಡಿತ, ಅರಿಸಿನದ ಧೂಳು, ಬೇವಿನ ಸೊಪ್ಪು, ಕಟ್ಟಿಹಾಕಿದ ಆಡುಗಳು. ಕನ್ನಡ ಯಾವುದು ತೆಲುಗು ಯಾವುದು ಎಂದು ಬಿಡಿಸಿ ಹೇಳಲಾಗದ ಮಾತು. ದೇವಿಯ ಮುಂದೆ ಎಡೆಯಿಟ್ಟು ನೆಲಕ್ಕೆ ಹೆಂಡ ಎರೆಯುತ್ತಾರೆ. ಅದನ್ನು 'ಸಾಕ' ಎನ್ನುತ್ತಾರೆ. ದೇವಿಗೆ ಮೊದಲ ಗುಟುಕು, ಅನಂತರ ಮನೆಯವರಿಗೆ.

ಒಂದು ಮಾತನ್ನು ಇಲ್ಲಿ ಹೇಳಬೇಕು. ಹೆದ್ದಾರಿಯ ಮದ್ಯದಂಗಡಿಯ ಮುಂದೆ ಕಾಣುವುದು ಗಂಡಸರು ಮಾತ್ರ, ಅದೂ ಬೆನ್ನು ತಿರುಗಿಸಿ ನಿಂತವರು. ಇಲ್ಲಿ ಹಾಗಲ್ಲ. ಮುದುಕ ಮುದುಕಿ ಎದುರುಬದುರು ಕುಳಿತು, ಒಂದೇ ಲೋಟವನ್ನು ಕೈಯಿಂದ ಕೈಗೆ ದಾಟಿಸುತ್ತ, ಸೊಸೆಯ ಅಡಿಗೆಯ ತಪ್ಪು ಆಡಿಕೊಳ್ಳುತ್ತಿದ್ದರು. ಹಳೆಯ ಸೇಂದಿ ಅಂಥ ಪಾನೀಯ. ಅದರಲ್ಲಿ ಅಮಲು ನೂರಕ್ಕೆ ನಾಲ್ಕೈದು ಪಾಲು, ಮ್ಯೂನಿಕ್ಕಿನ ಬಿಯರಿಗಿಂತ ಹೆಚ್ಚಿಲ್ಲ.

ಆದರೆ ಜಾತ್ರೆಯಲ್ಲಿ ಮಾರುತ್ತಿದ್ದುದು ಗಡಿಗೆಯಲ್ಲಿರಲಿಲ್ಲ. ಬಿಯರಿನ ಹಳೆಯ ಸೀಸೆಗಳಲ್ಲಿ ತುಂಬಿ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಒಟ್ಟಿದ್ದರು. ನಮ್ಮಾಕೆ ಸಾಕ ಎರೆಯಲು ಒಂದು ಸೀಸೆ ಕೊಂಡಳು. ಬಿಸಿಲಿಗೆ ಹಿಡಿದು ನೋಡಿದಳು, ಮೂಸಿದಳು. ಪಕ್ಕದಲ್ಲಿ ಬೆಲ್ಲದ ಅಂಗಡಿ. ಅಲ್ಲಿ ಜೇನುಹುಳು ಕವಿದಿದ್ದವು. ಹೆಂಡದ ಕಡೆ ಒಂದೂ ಸುಳಿದಿರಲಿಲ್ಲ. ನಾಲಗೆಯ ತುದಿಗೆ ಒಂದು ಹನಿ ಮುಟ್ಟಿಸಿ ಉಗುಳಿ, "ಇದು ಗಿಡದ್ದಲ್ರಿ, ಪುಡಿದು" ಎಂದಳು.

ಮರದ ರಸ ಬೆಳಗಿನಲ್ಲಿ ಸಿಹಿ. ಗಡಿಗೆಯ ಒಳಗೆ ಸುಣ್ಣ ಬಳಿದಿದ್ದರೆ ಸಿಹಿಯಾಗಿಯೇ ಇರುತ್ತದೆ, ಅದು ನೀರಾ. ಬಳಿಯದಿದ್ದರೆ ಗಾಳಿಯ, ಗಡಿಗೆಯ ಕಿಣ್ವಗಳು ಕೆಲಸ ಹೂಡುತ್ತವೆ. ಮಧ್ಯಾಹ್ನಕ್ಕೆ ನೊರೆಯುಕ್ಕಿ ಹುಳಿ, ಮರುದಿನಕ್ಕೆ ಕಾಡಿ. ಗಂಟೆಗೊಂದು ರುಚಿ ಬದಲಾಗಬೇಕು. ನಾವು ಕೊಂಡ ಸೀಸೆ ಹತ್ತು ಗಂಟೆಗೂ ನಾಲ್ಕು ಗಂಟೆಗೂ ಒಂದೇ ಸಿಹಿ. ಕಣ್ಣೆದುರಿಗೆ ನೂರಾರು ಪೆಟ್ಟಿಗೆ, ದಾರಿಯಲ್ಲಿ ಹನ್ನೊಂದು ಮರ, ಮರವೊಂದಕ್ಕೆ ದಿನಕ್ಕೆ ಕೆಲವೇ ಸೇರು ರಸ. ಈ ಲೆಕ್ಕವನ್ನು ಐದನೆಯ ತರಗತಿಯವರಿಗೆ ಕೊಡಬಹುದು.

ಕೊರತೆಯನ್ನು ತುಂಬುವುದು ನೀರು, ಸಿಹಿಯ ಪುಡಿ, ಮತ್ತು ನಿದ್ರೆಯ ಔಷಧಿಗಳು: ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್ಪ್ರಜೋಲಾಮ್. ಮೊದಲನೆಯದನ್ನು ನಮ್ಮ ಕಡೆ 'ಸಿ.ಎಚ್. ಪೌಡರ್' ಎಂಬ ಹೆಸರಿನಲ್ಲಿ ಕೂಲಿಯವನೂ ಬಲ್ಲ. ಕ್ಲೋರಲನ್ನು 1832ರಲ್ಲಿ ಮೊದಲು ತಯಾರಿಸಿದವನು ಜರ್ಮನಿಯ ರಸಾಯನ ಪಂಡಿತ ಲೀಬಿಗ್. ಅವನು ಮುಂದೆ ಮ್ಯೂನಿಕ್ಕಿಗೇ ಬಂದು ನೆಲೆಸಿ 1873ರಲ್ಲಿ ಅಲ್ಲಿಯೇ ತೀರಿಕೊಂಡ. ಆದರೆ ಅಲ್ಲಿಯ ಪಾತ್ರೆಯೊಳಕ್ಕೆ ಅವನ ಪುಡಿ ಬೀಳಲಿಲ್ಲ. ಬಿಯರಿಗೆ ಬಾರ್ಲಿ, ಹಾಪ್ ಹೂ, ನೀರು ಹೊರತು ಬೇರೇನೂ ಸೇರಕೂಡದೆಂದು ಬವೇರಿಯದ ಅರಸರು 1516ರಲ್ಲಿಯೇ ಕಟ್ಟಳೆ ಮಾಡಿದ್ದರು. ಪಂಡಿತನ ಪುಡಿ ಅಷ್ಟು ದೂರ ಪ್ರಯಾಣಮಾಡಿ ಕೃಷ್ಣೆಯ ದಂಡೆಯ ಸೀಸೆಗೆ ಬಂದು ಬಿದ್ದುದು ವಿಚಿತ್ರವೇ ಸರಿ.

ನಾವು ನೆರಳಿಗೆ ಕುಳಿತ ಟ್ರ್ಯಾಕ್ಟರಿನ ಕೆಳಗೆ ಒಬ್ಬ ಮಲಗಿದ್ದ. ಮೂವತ್ತರ ಒಳಗಿನ ಪ್ರಾಯ. ತಲೆಯ ಬಳಿ ಹೆಂಡತಿ, ಮಡಿಲಲ್ಲಿ ಕೂಸು. ಗಡಿಯಾಚೆ ರಾಯಚೂರು ಕಡೆಯವರು. ಅಲ್ಲಿ ಸೇಂದಿ 2004ರಲ್ಲಿ, ಸಾರಾಯಿ 2007ರಲ್ಲಿ ಬಂದಾದವು. ಬಂದಾದದ್ದು ಅಂಗಡಿ, ರೂಢಿ ಗಡಿ ದಾಟಿ ಈಚೆ ಬಂತು. ಗಂಡ ವಾರದಲ್ಲಿ ನಾಲ್ಕು ದಿನ ಗಡಿಯ ಈಚೆಗೆ ಬರುತ್ತಾನೆಂದೂ, ಮಿಕ್ಕ ದಿನಗಳಿಗೆ ಯಾರೋ ತಂದು ಮಾರುತ್ತಾರೆಂದೂ ಆಕೆ ಹೇಳಿದಳು. ಈ ಹಬ್ಬ ಮುಗಿದ ಮೇಲೆ ಬಿಡಿಸಿಬಿಡುತ್ತೇನೆಂದು ದೇವಿಗೆ ಹರಕೆ ಹೊತ್ತಿದ್ದಳು. ಮನೆಯೊಳಗೆ ಕೂಡಿಹಾಕುವುದು, ಬೀಗ ಹಾಕುವುದು. "ಹೋದ ಸಲ ಎರಡು ದಿನ ಬಿಡಿಸಿದ್ದೆ ಅವ್ವಾರ, ಕೈಕಾಲು ನಡುಗಿದುವು, ಗ್ವಾಡಿ ಮ್ಯಾಲೆ ಏನೇನೋ ಕಾಣ್ತದ ಅಂದ್ರು, ಫಿಟ್ಸ್ ಬಂತು. ಹೆದರಿ ನಾನ ತಂದು ಕುಡಿಸಿದೆ."

ನಮ್ಮಾಕೆ ಅವಳ ಕೈ ಹಿಡಿದುಕೊಂಡು, "ಬೀಗ ಹಾಕಬ್ಯಾಡ ತಂಗಿ. ಇದು ಔಷಧಿ, ಔಷಧಿ ಬಿಡಿಸಾಕ ಡಾಕ್ಟರೇ ಬೇಕು" ಎಂದಳು. ಮಾತು ಸರಿಯಾದುದು. 2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆಯ ಮೇಲೆ ಕೈ ಬಿಗಿಮಾಡಿ ಈ ಪುಡಿ ಒಮ್ಮೆಗೇ ನಿಂತಾಗ ಮಹಬೂಬನಗರ, ನಿಜಾಮಾಬಾದ ಕಡೆಯ ನೂರಾರು ಜನ ನಡುಕ, ಭ್ರಮೆ, ಸೆಳೆತಗಳಿಂದ ಆಸ್ಪತ್ರೆ ಸೇರಿದರು, ಸತ್ತವರೂ ಉಂಟು. ನಿದ್ರೆಯ ಔಷಧಿಗೆ ಒಗ್ಗಿದ ಮಿದುಳನ್ನು ಅದರಿಂದ ಹಂತಹಂತವಾಗಿ ಬಿಡಿಸಬೇಕು, ವೈದ್ಯರ ಕಣ್ಣೆದುರಿಗೆ. ನೋಡುವ ವೈದ್ಯರಿಗೂ ಸಂಗತಿ ತಿಳಿಯಬೇಕು. ಬರಿಯ ಕುಡಿತವೆಂದು ಹೇಳಿದರೆ ಅರ್ಧವೇ ಹೇಳಿದಂತೆ. ಶಿಷ್ಯನ ಪತ್ರದ ಹಿಂಬದಿ ಖಾಲಿಯಿತ್ತು. ಅದನ್ನು ಹರಿದು, ಏನು ಕುಡಿಯುತ್ತಾನೆ, ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸೀಸೆ, ಬಿಟ್ಟಾಗ ಏನಾಯಿತು ಎಂಬುದನ್ನೆಲ್ಲ ಆಕೆಯಿಂದ ಕೇಳಿ ಬರೆದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಇದನ್ನು ತೋರಿಸಬೇಕೆಂದು ಎರಡು ಸಲ ಹೇಳಿದೆ. ಆಕೆಗೆ ಓದು ಬಾರದು. ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಮಡಿಸಿ, ಸೆರಗಿನ ತುದಿಗೆ ಕಟ್ಟಿ ಗಂಟು ಬಿಗಿದಳು. ಹರಕೆಯ ನಾಣ್ಯವೂ ಅದೇ ಗಂಟಿನಲ್ಲಿತ್ತು.

ಕೊಂಡ ಸೀಸೆಯನ್ನು ನಮ್ಮಾಕೆ ದೇವಿಗೆ ಎರೆಯಲಿಲ್ಲ. ಎಲ್ಲಿ ಚೆಲ್ಲಬೇಕೆಂದೂ ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಅಲೆದಳು. ಕಡೆಗೆ ಕಾಯಿ ಮಾರುವ ಮುದುಕಿಯೊಬ್ಬಳನ್ನು ಮರದ ಹೆಂಡ ಎಲ್ಲಿ ಸಿಕ್ಕೀತೆಂದು ಕೇಳಿದಳು. ಸಮೀಪದ ಹಳ್ಳಿಯೊಂದರಲ್ಲಿ ಇನ್ನೂ ಮರ ಕಟ್ಟುವ ಗೌಡರೊಬ್ಬರಿದ್ದಾರೆ, ಆದರೆ ಅವರು ಅಂಗಡಿಗೆ ಕೊಡುವುದಿಲ್ಲ, ನಸುಕಿನಲ್ಲಿಯೇ ಹೋಗಬೇಕು ಎಂದು ಉತ್ತರ ಬಂತು. ಎರಡು ದಿನದ ಪ್ರವಾಸ ಮೂರು ದಿನಕ್ಕೆ ಬೆಳೆಯಿತು.

ಮರುದಿನ ಚಂದ್ರನಿನ್ನೂ ಪಡುವಣದಲ್ಲಿದ್ದಾಗ ಅಲ್ಲಿಗೆ ಹೋದೆವು. ಎಪ್ಪತ್ತು ದಾಟಿದ ಮನುಷ್ಯ. ಸೊಂಟದಲ್ಲಿ ಮೋಕು, ಕತ್ತಿ. ಅವರಿಗಿದ್ದುದು ಏಳು ಮರ. ಕಾಲುವೆಯ ನೀರು ಬಂದ ಮೇಲೆ ಸುತ್ತಲೂ ಭತ್ತದ ಗದ್ದೆಯಾಗಿ ಈಚಲು ಕಡಿದುಹೋದವೆಂದರು; ಮಕ್ಕಳು ಹೈದರಾಬಾದಿನಲ್ಲಿದ್ದಾರೆ, ಮರ ಹತ್ತುವವರಿಲ್ಲ. ನಮ್ಮಾಕೆ ತನ್ನ ತಂದೆ ಕತ್ತಿಯನ್ನು ಹೇಗೆ ಮಸೆಯುತ್ತಿದ್ದರೆಂದು ಹೇಳಿದಳು. ಅವರು ತಮ್ಮ ಕತ್ತಿಯನ್ನೇ ಅವಳ ಕೈಗೆ ಕೊಟ್ಟರು. ಅವಳು ಹೆಬ್ಬೆರಳಿನಿಂದ ಅಲಗನ್ನು ಮುಟ್ಟಿ ನೋಡಿ ಹಿಂದಕ್ಕೆ ಕೊಟ್ಟಳು, ಇಬ್ಬರೂ ನಕ್ಕರು. ಅದರಲ್ಲೇನು ನಗೆಯೋ ನನಗೆ ತಿಳಿಯಲಿಲ್ಲ.

ಕೆಳಗಿಳಿಸಿದ ಗಡಿಗೆಯ ಬಾಯಲ್ಲಿ ಜೇನುಹುಳುಗಳು ತೇಲುತ್ತಿದ್ದವು. ಅವುಗಳನ್ನು ಗರಿಯ ತುದಿಯಿಂದ ಎತ್ತಿ ಬದಿಗಿಟ್ಟು, ಸೋಸಿ, ಎಲೆಯ ದೊನ್ನೆಯಲ್ಲಿ ಸುರಿದರು. ನಮ್ಮಾಕೆ ಮೊದಲು ನೆಲಕ್ಕೆ ಎರೆದಳು. ಅನಂತರ ಕುಡಿದು, ಉಳಿದುದನ್ನು ನನ್ನ ಕಡೆಗೆ ಚಾಚಿದಳು. ಮಾಸ್ತರರು ಕುಡಿದರೋ ಇಲ್ಲವೋ ಎಂದು ತಿಳಿಯಲು ನನ್ನ ಹಳೆಯ ವಿದ್ಯಾರ್ಥಿಗಳು ಈ ಸಾಲಿಗಾಗಿಯೇ ಕಾದಿರುತ್ತಾರೆಂದು ಬಲ್ಲೆ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಗಡಿಗೆಗೆ ಸುಣ್ಣ ಬಳಿದಿತ್ತು. ದೊನ್ನೆಯಲ್ಲಿದ್ದುದು ನೀರಾ. ಎಳನೀರಿಗೆ ಸ್ವಲ್ಪ ಹೊಗೆ ಹಿಡಿಸಿದಂತಹ ಸಿಹಿ. ಗೌಡರು ಹಣ ಮುಟ್ಟಲಿಲ್ಲ. ಎಂಟು ಗಂಟೆಯವರೆಗೆ ಕುಳಿತರೆ ಇನ್ನೊಂದು ಗಡಿಗೆಯದು ಹದಕ್ಕೆ ಬರುತ್ತದೆಂದು ನಮ್ಮಾಕೆಗೆ ಮಾತ್ರ ಹೇಳಿ, ಎರಡನೆಯ ಮರಕ್ಕೆ ಮೋಕು ಹಾಕಿದರು.