ಎರಡು ತಾರೀಖಿನ ಶೇವಿಂಗ್ ಸೆಟ್ಟು

ಹಳೆಯ ಶೇವಿಂಗ್ ಸೆಟ್ಟು ಕೈಗೆ ಬಂದರೆ ಮೊದಲು ಹಿಡಿ ತಿರುಗಿಸಿ ಬಿಚ್ಚಬೇಕು. ಆಗ ಮೂರು ತುಂಡಾಗುತ್ತದೆ: ಮೇಲಿನ ಮುಚ್ಚಳ, ಬ್ಲೇಡು ಕೂರುವ ತಟ್ಟೆ, ಹಿಡಿ. ನಮ್ಮ ಕಡೆ ಈ ಬಿಚ್ಚುವ ಕೆಲಸಕ್ಕೇ ತಾಳ್ಮೆ ಬೇಕು. ಶಿರಾ, ಪಾವಗಡದ ನೀರು ಗಡಸು. ಸೋಪಿನ ನೊರೆಯ ಜೊತೆ ಸೇರಿ ಅದು ತಿರುಪಿನ ಸುತ್ತುಗಳಲ್ಲಿ ಬಿಳಿ ಕಿಟ್ಟವಾಗಿ ಕೂತಿರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಬೆಳಿಗ್ಗೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಮೆಲ್ಲಗೆ ಜಾಗ ಬಿಡುತ್ತದೆ. ಕಿಟ್ಟ ಹೋದ ತಟ್ಟೆಯ ಅಡಿಯಲ್ಲಿ ಅಕ್ಷರಗಳು ಒಂದೊಂದಾಗಿ ಕಾಣಿಸತೊಡಗುವ ಆ ಹೊತ್ತಿಗೋಸ್ಕರವೇ ಮದಲೂರಿನಿಂದ ಶಿರಾ ಗುಜರಿ ಅಂಗಡಿಗಳಿಗೆ ನಾನು ಮತ್ತೆ ಮತ್ತೆ ಹೋಗುವುದು.

ಅಡಿಯಲ್ಲಿ ‘ಪೇಟೆಂಟ್, 15 ನವೆಂಬರ್ 1904’ ಎಂದು ಇಂಗ್ಲಿಷಿನಲ್ಲಿ ಕೊರೆದಿದ್ದರೆ ಮಾರುವವರ ಮುಖ ಅರಳುತ್ತದೆ. ‘ನೂರಿಪ್ಪತ್ತು ವರ್ಷದ ಮಾಲು ಸಾರ್’ ಅನ್ನುತ್ತಾರೆ. ಆದರೆ ಅದು ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕ ದಿನ, ಆ ರೇಜರ್ ಹುಟ್ಟಿದ ದಿನವಲ್ಲ. ಅದೇ ಮುದ್ರೆಯನ್ನು ಕಂಪನಿ ಎಷ್ಟೋ ವರ್ಷ ಒತ್ತುತ್ತಾ ಹೋಯಿತು. ಪೇಟೆಂಟಿನ ತಾರೀಖು ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ. ಮಾರಾಟ ಶುರುವಾದ 1903ರಲ್ಲಿ ಜಿಲೆಟ್ ಕಂಪನಿ ಇಡೀ ವರ್ಷಕ್ಕೆ ಮಾರಿದ್ದು 51 ರೇಜರು, 168 ಬ್ಲೇಡು. ಕಾಗದದಷ್ಟು ತೆಳುವಾದ ಉಕ್ಕನ್ನು ಸೊಟ್ಟಗಾಗದಂತೆ ಹದ ಮಾಡುವ ದಾರಿಯನ್ನು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಕಂಡುಹಿಡಿಯದಿದ್ದರೆ ಅಷ್ಟೂ ಆಗುತ್ತಿರಲಿಲ್ಲ. ಹದಿನೈದೇ ವರ್ಷಕ್ಕೆ, 1918ರಲ್ಲಿ, ಯುದ್ಧಕ್ಕೆ ಹೊರಟ ತನ್ನ ಸೈನಿಕರಿಗಾಗಿ ಅಮೆರಿಕ ಸರ್ಕಾರ 35 ಲಕ್ಷ ರೇಜರುಗಳಿಗೆ ಆರ್ಡರ್ ಕೊಟ್ಟಿತು.

ಕಾಲ ಗುರುತಿಸಲು ನಾನು ಹೆಚ್ಚು ನಂಬುವುದು ತಲೆಯ ಆಕಾರವನ್ನು. 1921ರಲ್ಲಿ ಪೇಟೆಂಟಿನ ಅವಧಿ ಮುಗಿಯುವುದರೊಳಗೆ ಕಂಪನಿ ‘ನ್ಯೂ ಇಂಪ್ರೂವ್ಡ್’ ಎಂಬ ಹೊಸ ಮಾದರಿ ತಂದು, ಹಳೆಯದನ್ನು ಅಗ್ಗಕ್ಕೆ ಬಿಟ್ಟಿತು. ಆಗಲೂ ಬ್ಲೇಡಿಗೆ ಮೂರು ದುಂಡನೆಯ ತೂತೇ. 1930ರಲ್ಲಿ ನಡುವೆ ಉದ್ದನೆಯ ಸೀಳು ಬಂತು, ಬ್ಲೇಡಿನ ಮೂಲೆಗಳನ್ನು ಕತ್ತರಿಸಿದರು, ರೇಜರಿನ ಮೂಲೆಗಳನ್ನು ಗಟ್ಟಿ ಮಾಡಿದರು. ರೇಜರು ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಮೊದಲು ಸೊಟ್ಟಗಾಗುತ್ತಿದ್ದುದು ಮೂಲೆಯೇ ಅಲ್ಲವೆ? ಬಾಚಣಿಗೆಯ ಹಲ್ಲಿನಂತಿದ್ದ ಅಂಚು ಹೋಗಿ ಸಪಾಟಾದ ಪಟ್ಟಿ ಬಂದದ್ದು 1938ರ ‘ಟೆಕ್’ ಮಾದರಿಯಲ್ಲಿ. ಹಿಡಿಯ ಬುಡ ತಿರುಗಿಸಿದರೆ ತಲೆಯೇ ಎರಡು ಬಾಗಿಲಾಗಿ ತೆರೆಯುವ ಜಾತಿ 1934ರಿಂದ ಈಚಿನದು. ಅಮೆರಿಕದ ಜಿಲೆಟ್‌ಗಳಲ್ಲಿ 1950ರ ಕೊನೆಯಿಂದ ಒಂದು ಅಕ್ಷರ, ಒಂದು ಅಂಕಿಯ ಗುಟ್ಟಿದೆ: ಅಕ್ಷರ ವರ್ಷಕ್ಕೆ, ಅಂಕಿ ಮೂರು ತಿಂಗಳಿಗೆ. ‘ಜೆಡ್’ ಎಂದರೆ 1954, 1955ಕ್ಕೆ ಮತ್ತೆ ‘ಎ’ಯಿಂದ ಶುರು. ‘ಇ 4’ ಇದ್ದರೆ 1959ರ ಅಕ್ಟೋಬರಿನಿಂದ ಡಿಸೆಂಬರ್. ಭೂತಗನ್ನಡಿಯಲ್ಲಿ ಅದನ್ನು ಓದಿದ ದಿನ ನನಗೆ ಹಬ್ಬ.

ನಮ್ಮೂರ ಕಡೆಯ ಸೆಟ್ಟುಗಳಲ್ಲಿ ಆ ಅಕ್ಷರ ಅಪರೂಪ. ಸಿಗುವವು ಹೆಚ್ಚಾಗಿ ಇಂಗ್ಲೆಂಡಿನವು, ಜೊತೆಗೆ ಒಂದರ ತಲೆಗೆ ಇನ್ನೊಂದರ ಹಿಡಿ. ಸಂಗ್ರಹಕಾರರು ಹಲವರು ಇಂಥದ್ದನ್ನು ಬದಿಗೆ ಸರಿಸುತ್ತಾರೆ. ನಾನು ಸರಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಪ್ರತಿ ಸೆಟ್ಟಿಗೂ ಎರಡು ತಾರೀಖು: ಒಂದು ಕಾರ್ಖಾನೆಯದು, ಇನ್ನೊಂದು ಅದು ಈ ಮಣ್ಣಿನ ಮನೆಯೊಂದರಲ್ಲಿ ಬಾಳಿದ ಕಾಲದ್ದು. ಎರಡನೆಯದು ಲೋಹದ ಮೇಲಿರುವುದಿಲ್ಲ, ಪೆಟ್ಟಿಗೆಯೊಳಗಿನ ಕಾಗದದಲ್ಲಿರುತ್ತದೆ.

ಮಧುಗಿರಿ ದಾರಿಯ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರು ಕೊಟ್ಟ ಸೆಟ್ಟು ಈಗ ನನ್ನ ಮೇಜಿನ ಮೇಲಿದೆ. ‘ನಮ್ಮ ಯಜಮಾನ್ರುದು ಕಣಪ್ಪ. ಗುಜರಿಗೆ ಹಾಕ್ಬ್ಯಾಡ, ಮಡಿಕ್ಕೋ’ ಅಂದಿದ್ದರು. ತಟ್ಟೆ ಇಂಗ್ಲೆಂಡಿನ ಟೆಕ್, ಅಂದರೆ 1938ಕ್ಕೆ ಹಿಂದಿನದಲ್ಲ. ಹಿಡಿ ಬೇರೆ ಯಾವುದರದೋ. ತಿರುಪು ಬಿಗಿಯುವಾಗ ಬೆರಳು ಒತ್ತುವ ಬುಡದಲ್ಲಿ ನಿಕ್ಕಲ್ ಪೂರ್ತಿ ಸವೆದು ಹಿತ್ತಾಳೆ ಹೊಳೆಯುತ್ತಿದೆ, ಮೇಲೆ ಮಾತ್ರ ಗೀರುಗಳು ಇನ್ನೂ ಚೂಪಾಗಿವೆ. ಪೆಟ್ಟಿಗೆಯಲ್ಲಿ ಖಾಲಿ ಬ್ಲೇಡಿನ ಪೊಟ್ಟಣವೊಂದಿತ್ತು, ಅದರ ಮೇಲೆ ಬೆಲೆ ನಯಾಪೈಸೆಯಲ್ಲಿ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು, ‘ನಯಾ’ ಬಿದ್ದುಹೋದದ್ದು 1964ರ ಜೂನ್ 1ರಂದು. ಆ ಏಳು ವರ್ಷದ ಆಸುಪಾಸಿನಲ್ಲಿ ಆ ಯಜಮಾನರು ಈ ರೇಜರಿನಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದರು ಎಂದು ನಾನು ಧೈರ್ಯವಾಗಿ ಬರೆದಿಟ್ಟಿದ್ದೇನೆ. ಬೆಲೆ ಆಣೆಯಲ್ಲಿದ್ದಿದ್ದರೆ ಇನ್ನೂ ಹಿಂದಕ್ಕೆ ಹೋಗುತ್ತಿದ್ದೆ.

ಇಂಥ ಸಾಕ್ಷಿಗಳು ಬೇರೆಯೂ ಇವೆ. ಪೊಟ್ಟಣದ ಮೇಲೆ ‘ಕಲ್ಕತ್ತಾ-1’ ಎಂದಿದ್ದರೆ ಪಿನ್‌ಕೋಡ್ ಬರುವ ಮೊದಲಿನ ವಿಳಾಸದ ರೀತಿ ಅದು. ಆರಂಕಿಯ ಪಿನ್ ಇದ್ದರೆ 1972ರ ಆಗಸ್ಟ್ 15ರಿಂದ ಈಚೆ. ಅಂಗಡಿಯ ಚೀಟಿಯಲ್ಲಿ ‘ಮೈಸೂರು ರಾಜ್ಯ’ ಅಂತಿದ್ದರೆ ಸಾಮಾನ್ಯವಾಗಿ 1973ರ ನವೆಂಬರಿಗಿಂತ ಹಿಂದೆ. ಅಡಿಗೆ ಹಾಸಿದ ಪತ್ರಿಕೆ ‘ಪ್ರಜಾವಾಣಿ’ಯಾದರೆ 1948ರ ಅಕ್ಟೋಬರಿಗಿಂತ ಮೊದಲಿನದಾಗಲಾರದು. ಹೊರದೇಶದ ಯಾವ ಕೈಪಿಡಿಯಲ್ಲೂ ಇವು ಸಿಗುವುದಿಲ್ಲ.

ಒಮ್ಮೊಮ್ಮೆ ಜಿಲೆಟ್ ಅಲ್ಲದ್ದೂ ಬರುತ್ತದೆ. ಇಂಗ್ಲೆಂಡಿನ ರೋಲ್ಸ್ ರೇಜರ್ ನನಗೆ ಬಲು ಪ್ರಿಯ. ಚಪ್ಪಟೆ ಪೆಟ್ಟಿಗೆಯ ಒಂದು ಮುಚ್ಚಳದಲ್ಲಿ ಸಾಣೆಕಲ್ಲು, ಇನ್ನೊಂದರಲ್ಲಿ ತೊಗಲು, ನಡುವೆ ದಪ್ಪ ಅಲಗು. ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಅಲಗು ತಾನೇ ಮಗುಚಿಕೊಂಡು ಮಸೆದುಕೊಳ್ಳುತ್ತದೆ. ಬಿಸಾಡುವ ಬ್ಲೇಡಿಗೆ ಸಡ್ಡು ಹೊಡೆದು ನಿಂತಿದ್ದ ಆ ಕಂಪನಿ ಕೊನೆಗೆ ಬಟ್ಟೆ ಒಗೆಯುವ ಮೆಷಿನ್ ಮಾರಲು ಹೋಗಿ 1964ರಲ್ಲಿ ದಿವಾಳಿಯಾಯಿತು. ಅಷ್ಟು ಚಂದದ ಯಂತ್ರ ಮಾಡಿದವರಿಗೆ ಹಾಗಾಗಬಾರದಿತ್ತು.

ಜಿಲೆಟ್‌ನ ಒಂದು ಗುಣವನ್ನು ಮಾತ್ರ ಮೆಚ್ಚಲೇಬೇಕು. ಮೂರು ತೂತಿನ ಕಾಲದ ಆ ರೇಜರಿಗೆ ಶಿರಾದ ಯಾವ ಕಿರಾಣಿ ಅಂಗಡಿಯ ಇವತ್ತಿನ ಬ್ಲೇಡು ಹಾಕಿದರೂ ಸರಿಯಾಗಿ ಕೂರುತ್ತದೆ. ಭಾನುವಾರ ಬೆಳಿಗ್ಗೆ ನಾನು ಒಂದೊಂದು ವಾರ ಒಂದೊಂದನ್ನು ಬಳಸುತ್ತೇನೆ. ಒತ್ತಬಾರದು, ಅದರ ಭಾರವೇ ಸಾಕು.

ನಿಮ್ಮ ಮನೆಯ ಅಟ್ಟದಲ್ಲೋ ತಾತನ ಟ್ರಂಕಿನಲ್ಲೋ ಇಂಥ ಸೆಟ್ಟಿದ್ದರೆ ಒಂದು ಕೋರಿಕೆ. ಹಿತ್ತಾಳೆ ಚೊಂಬಿನ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ನಮ್ಮ ಸೀಮೆಯಲ್ಲಿ ಹುಣಸೆಗೇನೂ ಬರವಿಲ್ಲ, ನಿಜ, ಆದರೆ ಅದರ ಹುಳಿ ಅಳಿದುಳಿದ ನಿಕ್ಕಲ್ಲನ್ನೂ ತಿನ್ನುತ್ತದೆ. ಪೆಟ್ಟಿಗೆಯ ಮಕಮಲ್ಲಿನ ಅಡಿ ಬೆರಳು ಹಾಕಿ ನೋಡಿ. ಅಲ್ಲಿ ಮಡಿಚಿಟ್ಟ ಚೀಟಿ, ಪೊಟ್ಟಣ, ಕ್ಯಾಲೆಂಡರಿನ ಹಾಳೆ ಏನಿದ್ದರೂ ಎಸೆಯದೆ, ಅದೇ ಪೆಟ್ಟಿಗೆಯಲ್ಲೇ ಇಡಿ.