ಮೈಗ್ರೇಶನ್‌ಗೆ ಹೋದ ಮಗಳಿಗೆ

ಅವ್ವಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯೊಳಗೇ ಇದೆ. “ಚಿಗವ್ವ, ಇಲ್ಲಿ ನನಗ ಮದ್ರಾಸಿ ಅಂತಾರ. ದಸರಾ ಸೂಟಿಗೆ ಊರಿಗೆ ಬಂದ್ರ ಓಣಿ ಹುಡುಗ್ಯಾರು ನೀ ಹಿಂದಿಯಾಕಿ ಆಗಿಬಿಟ್ಟಿ ಅಂತ ನಕ್ಕರು. ಹಂಗಾರ ನಾ ಯಾವೂರಾಕಿ?” ಅಷ್ಟರಲ್ಲಿ ಗಂಟೆ ಹೊಡೆಯಿತು, ನೀನು ಫೋನಿಟ್ಟೆ.

ನವೋದಯದ ಒಂಬತ್ತನೇ ತರಗತಿ ನನಗೆ ಗೊತ್ತು. ನೂರಕ್ಕೆ 30 ಮಕ್ಕಳನ್ನು ಹಿಂದಿ ಸೀಮೆಗೆ, ಅಲ್ಲಿಯವರನ್ನು ಇಲ್ಲಿಗೆ, ಒಂದು ವರ್ಷದ ಮಟ್ಟಿಗೆ ಕಳಿಸುತ್ತಾರೆ. ಹಳ್ಳಿಯ ಜಾಣ ಮಕ್ಕಳಿಗೆಂದು ಈ ಶಾಲೆಗಳನ್ನು ಕಟ್ಟಿಸಿದ 1986ರ ಶಿಕ್ಷಣ ನೀತಿಯ ಕಾಲದವರಿಗೆ ದೇಶ ಒಂದಾಗಬೇಕೆಂಬ ಆಸೆಯಿತ್ತು. ಒಳ್ಳೆಯ ಆಸೆಯೇ. ಆದರೆ ಅದನ್ನು ಹೊತ್ತು ರೈಲು ಹತ್ತುವವರು ಹದಿನಾಲ್ಕರ ಮಕ್ಕಳು ಎಂಬುದನ್ನು ದೊಡ್ಡವರು ಮರೆಯುತ್ತಾರೆ.

ನಾನೂ ನಿನ್ನ ಹಾಗೇ ಹೋಗಿ ಮಧ್ಯಪ್ರದೇಶದಲ್ಲಿದ್ದ ವರ್ಷ ರಾಜ್ಯೋತ್ಸವಕ್ಕೆ ಇಳಕಲ್ ಸೀರೆ ಉಡಿಸಿ ವೇದಿಕೆಯ ಮೇಲೆ ನಿಲ್ಲಿಸಿದರು. ಅವ್ವ ಉಟ್ಟು ಹೊಲಕ್ಕೆ ಹೋಗುತ್ತಿದ್ದ ಸೀರೆ ಅಲ್ಲಿ ಇಡೀ ಕರ್ನಾಟಕವಾಗಿಬಿಟ್ಟಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಯಾರದೋ ಸೀರೆ ಉಟ್ಟಂತೆ ಕಸಿವಿಸಿ. ಅದೇ ವಾರ ಶಾಲೆಯ ನೀಲಗಿರಿ ಹೌಸಿನವರ ಜೊತೆ ಖೋ ಖೋ ಆಡುತ್ತ ಬಿದ್ದು ಮೊಣಕಾಲು ತರಚಿತು. ಒಬ್ಬಾಕೆ ಓಡಿಬಂದು ಬುಂದೇಲಿಯಲ್ಲಿ ಬೈದಳು, ಬೈಯುತ್ತಲೇ ಗಾಯ ತೊಳೆದಳು. ಆಕೆಯ ಮಾತು ಅರ್ಧ ತಿಳಿಯಲಿಲ್ಲ. ಆದರೆ ಅಲ್ಲಿಯವರೆಗೆ ಎಲ್ಲರಿಗೂ ‘ಕರ್ನಾಟಕದ ಹುಡುಗಿ’ಯಾಗಿದ್ದವಳು ಅವತ್ತು ಹೆಸರು ಹಿಡಿದು ಬೈಸಿಕೊಂಡೆ. ಎಷ್ಟು ಹಗುರಾಯಿತು ಅಂತೀ!

ಅದಕ್ಕೇ ಹೇಳುತ್ತೇನೆ, ನಮ್ಮ ರಾಯಚೂರು ಜಿಲ್ಲೆಯನ್ನೆಲ್ಲ ನೀನೊಬ್ಬಳೇ ಹೊರಬೇಡ. ಯಾವೂರಾಕಿ ಎಂಬುದು ಈ ವರ್ಷವೇ ಇತ್ಯರ್ಥವಾಗಬೇಕಿಲ್ಲ. ಮದ್ರಾಸಿ ಎಂದವರಿಗೆ ನಿನ್ನ ಹೆಸರು ಹೇಳು. ಮತ್ತೂ ಕಾಡಿದರೆ ಹೌಸ್ ಮೇಡಂಗೆ ಹೇಳು, ನುಂಗಿಕೊಂಡು ಕೂಡಬೇಡ. ಓಣಿಯವರ ನಗು ಬೇರೆ. ನೀನು ಕೈತಪ್ಪಿ ಹೋದೆಯೇನೋ ಎಂಬ ಅಂಜಿಕೆ ಅದರಲ್ಲಿದೆ. ಅವರ ಮುಂದೆ ಬಾಯಿಗೆ ಬಂದ ಹಿಂದಿಯನ್ನು ಮುಚ್ಚಿಡಬೇಡ, ಹಗಲೂ ರಾತ್ರಿ ಅತ್ತು ಕಲಿತದ್ದು ಅದು, ನಿನ್ನ ಗಳಿಕೆ.

ನವೆಂಬರಿನ ರಾಜ್ಯೋತ್ಸವದ ಕುಣಿತಕ್ಕೆ ಹೆಸರು ಕೊಡಲೇ ಎಂದು ಕೇಳಿದ್ದೆಯಲ್ಲ. ಕುಣಿಯುವ ಮನಸ್ಸಿದ್ದರೆ ಕೊಡು. ಇಲ್ಲದಿದ್ದರೆ ಕನ್ನಡ ಟೀಚರಿಗೆ ನೇರವಾಗಿ ಒಲ್ಲೆ ಎನ್ನು, ಯಾರಿಗೂ ಬೇಜಾರಾಗುವುದಿಲ್ಲ.

ಶೇಂಗಾ ಹಿಂಡಿ ಪಾರ್ಸೆಲ್ ಮಾಡಿದ್ದೇನೆ. ಪಕ್ಕದ ಮಂಚದ ಹುಡುಗಿಯೂ ತಿನ್ನಲಿ ಎಂದು ಖಾರ ತುಸು ಕಡಿಮೆ ಹಾಕಿದ್ದೇನೆ. ಆಕೆಯ ಹೆಸರು ಬರೆದು ಕಳಿಸು.

ನಿನ್ನ
ಚಿಗವ್ವ