ಅಪ್ಪನ ದಿಂಬಿನ ಕೆಳಗಿನ ರಿಮೋಟು

ಪಿಕಪ್ ಗಾಡಿಯ ಬ್ಯಾಟರಿ ಕಳುವಾದ ಮೇಲೆ ಅಪ್ಪ ರಾತ್ರಿ ಗಾಡಿಯಲ್ಲೇ ಮಲಗತೊಡಗಿದ. ಬಾಡಗಂಡಿಯ ನಮ್ಮ ಓಣಿಯೊಳಗೆ ಗಾಡಿ ಬರುವುದಿಲ್ಲ, ರಸ್ತೆ ಬದಿಗೇ ನಿಲ್ಲಿಸಬೇಕು. ಅರವತ್ತು ದಾಟಿದವನು ಸೀಟಿನ ಮೇಲೆ ಮುದುಡಿ ಮಲಗಿ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದ.

ಬಾಗಲಕೋಟೆಯಿಂದ ಒಂದು ಅಲಾರಂ ತಂದೆ. ಗಾಡಿ ಅಲುಗಿದರೆ ಸೈರನ್ ಕೂಗುತ್ತದೆ, ಮನೆಯಲ್ಲಿಟ್ಟ ರಿಮೋಟು ಹಳೆಯ ಪೇಜರಿನಂತೆ ಬೀಪ್ ಅನ್ನುತ್ತದೆ. ಕೆಂಪು ವೈರು 12 ವೋಲ್ಟಿನ ಬ್ಯಾಟರಿಗೆ, ಕಪ್ಪು ವೈರು ಬಣ್ಣ ಕೆರೆದ ಚಾಸಿಗೆ. ಫ್ಯೂಸು ಬ್ಯಾಟರಿಯ ಹತ್ತಿರವೇ ಇರಬೇಕು. ದೂರವಿದ್ದರೆ, ನಡುವೆ ವೈರು ಉಜ್ಜಿ ಲೋಹಕ್ಕೆ ತಾಗಿದಾಗ ಫ್ಯೂಸಿಗಿಂತ ಮೊದಲು ವೈರೇ ಸುಡುತ್ತದೆ.

ಟಾರ್ಚ್ ಹಿಡಿದು ನಿಂತಿದ್ದ ಅಪ್ಪ ಕೇಳಿದ, "ಬ್ಯಾಟರೀನ ಬಿಚ್ಚಿದ್ರ ಇದು ಹೆಂಗ ಒದರತೈತೋ?"

ಡಿಪ್ಲೊಮಾ ಓದಿದ ನನಗೆ ಅದು ಹೊಳೆದೇ ಇರಲಿಲ್ಲ. ಮರುದಿನ ಹೋಗಿ, ಒಳಗೆ ತನ್ನದೇ ಸಣ್ಣ ಬ್ಯಾಟರಿ ಇರುವ ಸೈರನ್ ತಂದು ಹಾಕಿದೆ. ವೈರು ಕತ್ತರಿಸಿದರೂ ಕೂಗುತ್ತದೆ.

ಅಪ್ಪ ಮನೆಯೊಳಗೆ ಮಲಗಿದ. ಆದರೆ ಕಬ್ಬಿನ ಹಂಗಾಮು ಶುರುವಾಗಿತ್ತು. ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರು ಹಾದಾಗಲೆಲ್ಲ ನೆಲ ಅದುರಿ ರಿಮೋಟು ಬೀಪ್ ಅನ್ನುತ್ತಿತ್ತು, ಅಪ್ಪ ಬರಿಗಾಲಲ್ಲಿ ಓಡುತ್ತಿದ್ದ. ಸೆನ್ಸರಿನ ಸ್ಕ್ರೂ ತಿರುಗಿಸಿ ಸೂಕ್ಷ್ಮತೆ ಇಳಿಸಿದೆ.

"ಭಾಳ ಇಳಸಬ್ಯಾಡ," ಅಂದ. "ಕಳ್ಳ ಟ್ರ್ಯಾಕ್ಟರಿನಂಗ ಬರೂದಿಲ್ಲ, ಹಗೂರ ಬರ್ತಾನ."

ಸ್ಕ್ರೂ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದೆ. ರಿಮೋಟನ್ನು ಮಾತ್ರ ಈಗ ನನ್ನ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತೇನೆ.